ಕಕ್ಕಡದ ಸೊಪ್ಪು, ಕಕ್ಕಡದ ಷರತ್ತು

ಜುಲೈ ಕೊನೆಯ ವಾರ ಬಂತೆಂದರೆ ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪದ ಸಂತೆಗಳಲ್ಲಿ ಮದ್ದುಸೊಪ್ಪಿನ ಕಟ್ಟುಗಳು ಕಾಣಿಸಿಕೊಳ್ಳುತ್ತವೆ. ಆಗಸ್ಟ್ 3 ಕೊಡವರಿಗೆ ಕಕ್ಕಡ ಪದ್‌ನೆಟ್ಟ್, ಅಂದರೆ ಕಕ್ಕಡ ತಿಂಗಳ ಹದಿನೆಂಟನೇ ದಿನ; ಅರೆಭಾಷೆ ಗೌಡರಿಗೆ ಆಟಿ ಹದಿನೆಂಟು. ಆ ದಿನ ಈ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಸೇರಿರುತ್ತದೆ ಎಂಬ ನಂಬಿಕೆ. ಆ ದಿನ ಕಳೆದ ಮೇಲೆ ಸಾಮಾನ್ಯವಾಗಿ ಯಾರೂ ಆ ಗಿಡದತ್ತ ತಿರುಗಿ ನೋಡುವುದಿಲ್ಲ. ಈಗ ಅದನ್ನೇ ಒಣಗಿಸಿ ಪುಡಿ ಮಾಡಿ, ಸಾರ ತೆಗೆದು ಬಾಟಲಿಗೆ ತುಂಬಿ ವರ್ಷವಿಡೀ ಮಾರುವವರಿದ್ದಾರೆ. ದಿನಾ ಒಂದು ಚಮಚ ತಗೊಳ್ಳಿ ಎಂದು ಹೇಳಿಕೊಡುವವರಿಗೂ ಬರವಿಲ್ಲ.

ನಮ್ಮ ಹಿರಿಯರು ಈ ಸೊಪ್ಪಿನ ಬಗ್ಗೆ ‘ಒಳ್ಳೆಯದು’ ಎಂದಷ್ಟೇ ಹೇಳಿ ಸುಮ್ಮನಾದವರಲ್ಲ. ಯಾವ ಗಿಡ, ಯಾವ ತಿಂಗಳು, ಎಷ್ಟು, ಹೇಗೆ ಬೇಯಿಸಿ, ವರ್ಷಕ್ಕೆ ಎಷ್ಟು ಸಲ ಎಂಬುದೆಲ್ಲ ಸೇರಿಯೇ ಅದು ಒಂದು ಮಾತು. ಆ ಮಾತಿನಿಂದ ಗಿಡದ ಹೆಸರನ್ನಷ್ಟೇ ಕಿತ್ತುಕೊಂಡರೆ ಕೈಗೆ ಬರುವುದು ಬರೀ ಸರಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬಂದ ಮೇಲೆ ಭಾರತೀಯ ಜ್ಞಾನ ಪರಂಪರೆಯನ್ನು ಶಾಲೆ, ಕಾಲೇಜಿಗೆ ತರಬೇಕೆಂಬ ಮಾತು ಜೋರಾಗಿದೆ. ಅದೇ ವರ್ಷ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನಲ್ಲಿ (ಎಐಸಿಟಿಇ) ಅದಕ್ಕೆಂದೇ ಒಂದು ವಿಭಾಗವೂ ಶುರುವಾಯಿತು. ತರಬೇಕೋ ಬೇಡವೋ ಎಂಬ ಜಗಳ ಇಲ್ಲಿ ಬೇಡ. ತಂದದ್ದರ ಜೊತೆ ಅದರ ಷರತ್ತುಗಳೂ ಬರುತ್ತಿವೆಯೇ ಎಂಬುದನ್ನು ನೋಡೋಣ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಕ್ಕಡ ತಿಂಗಳು ಅದಕ್ಕೆ ಹೇಳಿಮಾಡಿಸಿದ ಕಾಲ. ಕಣಿಲೆ, ಕೆಸ, ಅಣಬೆ, ಮದ್ದುಸೊಪ್ಪು, ಪಣಂಪುಳಿ, ನಾಟಿ, ಬರೆ (ಗುಡ್ಡದ ಕಡಿದಾದ ಇಳಿಜಾರು) ಕುಸಿತ ಎಲ್ಲವೂ ಈ ತಿಂಗಳ ಆಸುಪಾಸಿನಲ್ಲೇ ಬರುತ್ತವೆ.

ಕಣಿಲೆಯಿಂದಲೇ ಶುರು ಮಾಡುವುದು ಒಳ್ಳೆಯದು, ಏಕೆಂದರೆ ಅದರಲ್ಲಿ ಷರತ್ತು ಮರೆತರೆ ದೇಹವೇ ಲೆಕ್ಕ ಕೇಳುತ್ತದೆ. ಕೊಡವ ತಕ್ಕ್‌ನಲ್ಲಿ (ಕೊಡವ ಭಾಷೆಯಲ್ಲಿ) ಬೈಂಬಳೆ ಎನ್ನುವ ಈ ಎಳೆ ಬಿದಿರಿನಲ್ಲಿ ಟ್ಯಾಕ್ಸಿಫಿಲಿನ್ ಎಂಬ ಸಂಯುಕ್ತ ಇರುತ್ತದೆ. ಅದು ಒಡೆದರೆ ಹೈಡ್ರೋಜನ್ ಸಯನೈಡ್ ಹೊರಬರುತ್ತದೆ. ಬುಡಕ್ಕಿಂತ ತುದಿಯಲ್ಲಿ ಇದರ ಅಂಶ ಹೆಚ್ಚು. ಮರಗೆಣಸಿನಲ್ಲಿರುವುದೂ ಇದೇ ಜಾತಿಯ ಕಿತಾಪತಿ. ಆದರೂ ಕೊಡಗಿನ ಮನೆಗಳಲ್ಲಿ ತಲೆಮಾರುಗಳಿಂದ ಕಣಿಲೆ ಸಾರು, ಪಲ್ಯ, ಉಪ್ಪಿನಕಾಯಿ ನಡೆದುಕೊಂಡು ಬಂದಿದೆ. ಅದು ಸಾಧ್ಯವಾದದ್ದು ಅಡುಗೆಮನೆಯ ಕ್ರಮದಿಂದ.

ಕ್ರಮ ಇಷ್ಟೇ. ನೆಲದಿಂದ ಒಂದು ಒಂದೂವರೆ ಅಡಿ ಎದ್ದ ಮೊಳಕೆಯನ್ನು ಕತ್ತರಿಸಿ ತಂದು, ಸುಣೆ (ಚುಚ್ಚುವ ಸಣ್ಣ ರೋಮ) ಇರುವ ಹೊರಗಿನ ಪದರಗಳನ್ನೆಲ್ಲ ಬಿಡಿಸಬೇಕು. ಚಾಕು ಸಲೀಸಾಗಿ ಇಳಿಯುವ ಬಿಳಿ ತಿರುಳನ್ನು ಮಾತ್ರ ಇಟ್ಟುಕೊಳ್ಳಬೇಕು. ನಾರು ಸಿಕ್ಕಿದ ಕಡೆ ನಿಲ್ಲಿಸಬೇಕು. ಆ ತಿರುಳನ್ನು ತೆಳ್ಳಗೆ ಬಿಲ್ಲೆ ಮಾಡಿ, ಆಮೇಲೆ ಸಣ್ಣಗೆ ಹೆಚ್ಚಿ, ಮುಳುಗುವಷ್ಟು ನೀರಿನಲ್ಲಿ ಎರಡು ಮೂರು ದಿನ ನೆನೆಹಾಕಬೇಕು. ದಿನಕ್ಕೊಮ್ಮೆಯಾದರೂ ನೀರು ಚೆಲ್ಲಿ ಹೊಸ ನೀರು ಹಾಕಬೇಕು. ಕೊನೆಗೆ ಮುಚ್ಚಳ ತೆಗೆದಿಟ್ಟು ಚೆನ್ನಾಗಿ ಕುದಿಸಿ, ಬೇಯಿಸಿದ ನೀರನ್ನೂ ಚೆಲ್ಲಿ, ಅಲ್ಲಿಂದ ಮುಂದಕ್ಕೆ ಮಸಾಲೆ.

ಇದರಲ್ಲಿ ಯಾವ ಹೆಜ್ಜೆಯೂ ಸುಮ್ಮನೆ ಬಂದದ್ದಲ್ಲ. ಗಿಡದ ಜೀವಕೋಶ ಇಡಿಯಾಗಿ ಇರುವವರೆಗೆ ಟ್ಯಾಕ್ಸಿಫಿಲಿನ್ ಒಂದು ಕೋಣೆಯಲ್ಲಿ, ಅದನ್ನು ಒಡೆಯುವ ಕಿಣ್ವ ಇನ್ನೊಂದು ಕೋಣೆಯಲ್ಲಿ ಇರುತ್ತವೆ. ಚಾಕು ಆ ಗೋಡೆಯನ್ನು ಒಡೆದಾಗಲೇ ಎರಡೂ ಸೇರುವುದು. ಹಾಗಾಗಿ ಎಷ್ಟು ಸಣ್ಣಗೆ ಹೆಚ್ಚುತ್ತೇವೋ ಅಷ್ಟು ಹೆಚ್ಚು ವಿಷ ಬಿಡುಗಡೆಯಾಗಿ ನೀರಿಗೆ ಇಳಿಯುತ್ತದೆ. ನೀರು ಬದಲಿಸುವುದು ಅದನ್ನು ಹೊರಗೆ ಸಾಗಿಸಲು. ಹೈಡ್ರೋಜನ್ ಸಯನೈಡ್ ಸುಮಾರು 26 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವ ವಸ್ತು. ಮುಚ್ಚಳ ತೆಗೆದು ಕುದಿಸಿದರೆ ಉಳಿದದ್ದು ಆವಿಯ ಜೊತೆ ಹೋಗುತ್ತದೆ.

ಎಲ್ಲಿ ತಪ್ಪುತ್ತದೆ? ಊರು ಬಿಟ್ಟು ಬೆಂಗಳೂರು ಸೇರಿದ ಅಡುಗೆಮನೆಯಲ್ಲಿ ಸಮಯವಿಲ್ಲ ಎಂದು ಇಡೀ ಕಣಿಲೆಯನ್ನೋ ದಪ್ಪ ತುಂಡುಗಳನ್ನೋ ನೆನೆಹಾಕುತ್ತಾರೆ. ಕೋಶಗಳು ಒಡೆಯದೆ ನೆನೆಹಾಕಿದ್ದಕ್ಕೆ ಅರ್ಥವೇ ಇರುವುದಿಲ್ಲ. ಮೂರು ದಿನ ಅದೇ ನೀರಿನಲ್ಲಿ ಬಿಡುತ್ತಾರೆ. ನೆನೆಸದೆಯೇ ನೇರ ಕುಕ್ಕರಿಗೆ ಹಾಕಿ, ಆ ನೀರಿನಲ್ಲೇ ಸಾರು ಮಾಡುತ್ತಾರೆ. ‘ಪೌಷ್ಟಿಕಾಂಶ ಹೋಗುತ್ತದೆ, ನೀರು ಚೆಲ್ಲಬೇಡಿ’ ಎಂಬ ಇನ್ನೊಂದು ಕಡೆಯ ಒಳ್ಳೆಯ ಸಲಹೆ ಇಲ್ಲಿ ತೀರಾ ಅಪಾಯಕಾರಿ. ಸರಿಯಾಗಿ ಸಿದ್ಧವಾಗದ ಕಣಿಲೆ ತಿಂದು ತಲೆನೋವು, ತಲೆಸುತ್ತು, ವಾಂತಿ, ಉಸಿರು ಕಟ್ಟಿದಂತೆ ಆದರೆ ಮಜ್ಜಿಗೆ ಕುಡಿಸಿ ಕಾಯುವ ಪ್ರಶ್ನೆಯೇ ಇಲ್ಲ, ಆಸ್ಪತ್ರೆಗೆ ಹೋಗಬೇಕು.

ಪಿಯುಸಿ ರಸಾಯನಶಾಸ್ತ್ರಕ್ಕೆ ಇದಕ್ಕಿಂತ ಒಳ್ಳೆಯ ಸ್ಥಳೀಯ ಪಾಠ ಬೇಕೇ? ಮಕ್ಕಳು ಮನೆಯಲ್ಲಿ ಕೇಳಿ ಕ್ರಮವನ್ನು ಬರೆದು ತರಲಿ. ಪ್ರತಿ ಹೆಜ್ಜೆಯ ಎದುರು ‘ಇದನ್ನು ಬಿಟ್ಟರೆ ಏನಾಗುತ್ತದೆ’ ಎಂದು ಬರೆಯಲಿ. ಎರಡು ಮನೆಗಳ ಕ್ರಮ ಬೇರೆಯಾದರೆ ಯಾವುದು ಸರಿ ಎಂದು ಶಿಕ್ಷಕರು ತೀರ್ಪು ಕೊಡಲು ಹೋಗಬಾರದು. ಒಂದು ಮನೆಯವರು ಹೆಚ್ಚು ತೆಳ್ಳಗೆ ಹೆಚ್ಚಿ ಒಂದು ದಿನ ಕಡಿಮೆ ನೆನೆಸುತ್ತಿರಬಹುದು, ಚರ್ಚೆ ಅಲ್ಲಿಂದಲೇ ಹುಟ್ಟುತ್ತದೆ. ಸಯನೈಡ್ ಪತ್ತೆಗೆ ಪಿಕ್ರೇಟ್ ಕಾಗದದ ಪರೀಕ್ಷೆ ಇದೆ ಎಂದು ಓದಿ ಶಾಲೆಯ ಲ್ಯಾಬಿನಲ್ಲಿ ಮಾಡಲು ಮಾತ್ರ ಹೊರಡಬೇಡಿ. ಪಿಕ್ರಿಕ್ ಆಮ್ಲ ಒಣಗಿದರೆ ಸ್ಫೋಟಿಸುವ ವಸ್ತು. ಕಣಿಲೆಯನ್ನು ಮೀಸಲು ಅರಣ್ಯದಿಂದ ಕಿತ್ತು ತರುವುದೂ ಬೇಡ, ಸ್ವಂತ ಜಾಗದ ಬಿದಿರು ಸಾಕು.

ಕೆಸದ ವಿಷಯವೂ ಹೆಚ್ಚುಕಡಿಮೆ ಇದೇ. ಎಲೆಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ನಾಲಿಗೆ, ಗಂಟಲಿಗೆ ಚುಚ್ಚುತ್ತವೆ. ಅದಕ್ಕೇ ಪತ್ರೊಡೆಯ ಹಿಟ್ಟಿಗೆ ಹುಣಸೆ, ಕೇಂಬು ಕರಿಗೆ ಹುಳಿ, ಎರಡಕ್ಕೂ ಧಾರಾಳ ಬೇಯುವ ಸಮಯ. ಹುಳಿಯನ್ನು ರುಚಿಗೆಂದು ತಿಳಿದು ಕಡಿಮೆ ಮಾಡಿದವರು ತುರಿಕೆಯಿಂದ ಪಾಠ ಕಲಿಯುತ್ತಾರೆ.

ಈಗ ಮದ್ದುಸೊಪ್ಪು. ಸಸ್ಯಶಾಸ್ತ್ರದಲ್ಲಿ ಜಸ್ಟೀಸಿಯಾ ವೈನಾಡೆನ್ಸಿಸ್, ಪಶ್ಚಿಮಘಟ್ಟದ ನೆರಳು, ತೇವದ ಜಾಗದ ಗಿಡ. ಒಂದು ಕಟ್ಟು ಸೊಪ್ಪನ್ನು, ಸುಮಾರು ಅರ್ಧ ಕಿಲೋ, ಎಳೆ ಕಾಂಡ ಸಮೇತ ತೊಳೆದು ಒರಟಾಗಿ ಕತ್ತರಿಸಿ, ಎರಡು ಲೀಟರ್ ನೀರಿನಲ್ಲಿ ಸಣ್ಣ ಉರಿಯಲ್ಲಿ ಕುದಿಸಿದರೆ ನೀರು ನಿಧಾನಕ್ಕೆ ಗಾಢ ನೇರಳೆಗೆ ತಿರುಗುತ್ತದೆ. ಸೋಸಿದ ರಸ ನಾಲ್ಕು ಲೋಟವಾದರೆ ಪಾಯಸಕ್ಕೆ ಒಂದು ಲೋಟ ಅಕ್ಕಿ. ಅಕ್ಕಿ ಪೂರ್ತಿ ಮೆತ್ತಗಾದ ಮೇಲೆಯೇ ಮುಕ್ಕಾಲು ಲೋಟ ಬೆಲ್ಲ. ಮೊದಲೇ ಹಾಕಿದರೆ ಅಕ್ಕಿ ಗಟ್ಟಿಯಾಗಿ ನಿಂತುಬಿಡುತ್ತದೆ, ಆಮೇಲೆ ಎಷ್ಟು ಬೇಯಿಸಿದರೂ ಅಷ್ಟೇ. ತೆಂಗಿನಕಾಯಿ ಹಾಲು ಒಲೆ ಆರಿಸುವ ಮುಂಚೆ, ಏಲಕ್ಕಿ ಅದರ ಹಿಂದೆ. ಪುಟ್ಟ್ ಮಾಡುವವರು ಅಕ್ಕಿ ತರಿಯನ್ನು ಇದೇ ರಸದಲ್ಲಿ ಬೇಯಿಸಿ ತುಪ್ಪ, ಜೇನು ಹಾಕಿಕೊಂಡು ತಿನ್ನುತ್ತಾರೆ.

ಮರುದಿನ ಮೂತ್ರ ಕೆಂಪಗೆ ಬರುತ್ತದೆ. ‘ಮದ್ದು ಮೈಗೆ ಹಿಡಿಯಿತು’ ಎಂದು ಖುಷಿಪಡುವುದು ವಾಡಿಕೆ. ಸೊಪ್ಪಿನ ಬಣ್ಣ ದೇಹದಿಂದ ಹೊರಹೋಗುತ್ತಿದೆ ಎಂಬುದಕ್ಕಿಂತ ಹೆಚ್ಚಿನ ಅರ್ಥವನ್ನು ಅದಕ್ಕೆ ಕೊಡಬೇಕಾಗಿಲ್ಲ. ಬೀಟ್‌ರೂಟ್ ತಿಂದ ಕೆಲವರಿಗೂ ಹೀಗಾಗುತ್ತದೆ. ಇದರ ಉಪಯೋಗದ ಕಡೆ ಬೇರೆ: ಆ ದಿನಗಳಲ್ಲಿ ಯಾರಾದರೂ ಮೂತ್ರಪರೀಕ್ಷೆಗೆ ಹೋದರೆ, ಅಥವಾ ಹೊರಗಿನಿಂದ ಬಂದ ಅಳಿಯ ಗಾಬರಿಬಿದ್ದು ಡಾಕ್ಟರ ಬಳಿ ಓಡಿದರೆ, ಮೊದಲು ಹೇಳಬೇಕಾದ ಮಾತು ‘ನಿನ್ನೆ ಮದ್ದುಪಾಯಸ ಉಂಡಿದ್ದೇನೆ’ ಎಂಬುದು. ಇಲ್ಲದಿದ್ದರೆ ಮೂತ್ರದಲ್ಲಿ ರಕ್ತವೆಂದು ಬೇಡದ ಪರೀಕ್ಷೆಗಳ ಸಾಲು ಶುರುವಾಗುತ್ತದೆ. ಕೊಡಗಿಗೆ ಹೊಸದಾಗಿ ಬಂದ ವೈದ್ಯರಿಗೂ ದಾದಿಯರಿಗೂ ಇದನ್ನು ಮೊದಲೇ ತಿಳಿಸಿಟ್ಟರೆ ಅನುಕೂಲ. ಸಾಂಪ್ರದಾಯಿಕ ಜ್ಞಾನವನ್ನು ಆಧುನಿಕ ಆರೋಗ್ಯಕ್ಕೆ ಅಳವಡಿಸುವುದು ಎಂದರೆ ಹಲವು ಸಲ ಇಷ್ಟು ಸಣ್ಣ ಕೆಲಸವೇ.

ಗಿಡದ ಸಾರದಲ್ಲಿ ಆಂಟಿಆಕ್ಸಿಡೆಂಟ್ ಗುಣ ಪ್ರಯೋಗಾಲಯದಲ್ಲಿ ಕಂಡಿದೆ. ಗಾಜಿನ ಕೊಳವೆಯಲ್ಲಿ ಕಂಡದ್ದೆಲ್ಲ ಮನುಷ್ಯನ ಮೈಯಲ್ಲಿ ಆಗಬೇಕೆಂದಿಲ್ಲ. ವರ್ಷಕ್ಕೊಂದು ದಿನ ಒಂದು ಬಟ್ಟಲು ಪಾಯಸ ಉಂಡ ಜನರ ತಲೆಮಾರುಗಳ ಅನುಭವ ಅಷ್ಟು ಪ್ರಮಾಣದ ಬಗ್ಗೆ ಒಂದಿಷ್ಟು ಧೈರ್ಯ ಕೊಡುತ್ತದೆ. ದಿನಾ ಒಂದು ಚಮಚ ಸಾಂದ್ರ ಪುಡಿಯ ಬಗ್ಗೆ ಅದೇ ಅನುಭವ ಏನನ್ನೂ ಹೇಳುವುದಿಲ್ಲ. ‘ಅಜ್ಜಂದಿರ ಕಾಲದಿಂದ ಬಂದದ್ದು’ ಎಂಬ ಸರ್ಟಿಫಿಕೇಟು ಪಾಯಸಕ್ಕೆ ಸಿಕ್ಕಿದ್ದು, ಪುಡಿಗಲ್ಲ. ಬಸುರಿಯರು, ಮೂತ್ರಪಿಂಡ ಇಲ್ಲವೇ ಯಕೃತ್ತಿನ ತೊಂದರೆ ಇರುವವರು ಅಂಥ ಪುಡಿಯ ಪ್ರಯೋಗಕ್ಕೆ ಇಳಿಯಲೇಬಾರದು.

ಗಿಡ ಗುರುತಿಸುವ ಷರತ್ತು ತಪ್ಪಿದರೆ ಏನಾಗಬಹುದು ಎಂಬುದಕ್ಕೆ ಘಟ್ಟದ ಕೆಳಗಿನ ಆಟಿ ಅಮಾವಾಸ್ಯೆಯ ಕಷಾಯ ನೋಡಿ. ಹಾಲೆ ಮರದ ತೊಗಟೆಯನ್ನು ನಸುಕಿನಲ್ಲಿ ಕಲ್ಲಿನಿಂದ ಜಜ್ಜಿ ತರುವುದು ಪದ್ಧತಿ. ಕತ್ತಲಲ್ಲಿ ಮರ ತಪ್ಪಿ ಕಾಸರಕನ ತೊಗಟೆ ಬಂದರೆ ಅದರಲ್ಲಿರುವುದು ಸ್ಟ್ರಿಕ್ನಿನ್, ಪ್ರಾಣ ತೆಗೆಯುವ ವಿಷ. ತಿಳಿದವರು ಹಿಂದಿನ ದಿನ ಹಗಲಲ್ಲೇ ಹೋಗಿ ಮರಕ್ಕೆ ಗುರುತು ಮಾಡಿ ಬರುತ್ತಾರೆ. ವಾಟ್ಸ್‌ಆ್ಯಪ್ ಸಂದೇಶದಲ್ಲಿ ಕಷಾಯದ ಮಹಿಮೆ ಇರುತ್ತದೆ, ಈ ಹಗಲಿನ ಗುರುತು ಇರುವುದಿಲ್ಲ.

ಪಣಂಪುಳಿಯ ಕತೆ ಇನ್ನೂ ದೂರ ಹೋಗಿದೆ. ಗಾರ್ಸೀನಿಯಾ ಗಮ್ಮಿ-ಗುಟ್ಟಾ ಎಂಬ ಈ ಮರದ ಹಣ್ಣುಗಳು ಮಳೆಗಾಲದಲ್ಲಿ ಹಳದಿಯಾಗಿ ಉದುರುತ್ತವೆ. ಅವನ್ನು ಬುಟ್ಟಿಯಲ್ಲಿ ರಾಶಿ ಹಾಕಿ ಕೆಳಗೆ ಪಾತ್ರೆ ಇಟ್ಟರೆ, ಹಣ್ಣು ಕೊಳೆತು ಮೆತ್ತಗಾಗುತ್ತ ರಸ ತೊಟ್ಟಿಕ್ಕುತ್ತದೆ. ಆ ರಸವನ್ನು ಕಪ್ಪಗೆ, ಮಂದವಾಗಿ ಬರುವವರೆಗೆ ಕುದಿಸಿ ಬತ್ತಿಸಿದರೆ ಕಾಚಂಪುಳಿ. ಮಣ್ಣಿನ ಮಡಕೆಯೋ ಒಳ್ಳೆಯ ಸ್ಟೀಲೋ ಆಗಬಹುದು. ಅಲ್ಯೂಮಿನಿಯಂ ಬೇಡ, ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರ ಬೇಡವೇ ಬೇಡ, ಅಷ್ಟು ಹುಳಿ ಲೋಹವನ್ನು ಕರಗಿಸಿಕೊಂಡು ಬರುತ್ತದೆ. ಬತ್ತಿಸುವುದು ಅರ್ಧಕ್ಕೆ ನಿಂತರೆ ನೀರಿನಂಶ ಉಳಿದು ಕೆಲವೇ ತಿಂಗಳಲ್ಲಿ ಬೂಸ್ಟು ಹಿಡಿಯುತ್ತದೆ. ಸರಿಯಾಗಿ ಬತ್ತಿದ್ದು ವರ್ಷಗಟ್ಟಲೆ ಕೆಡದು. ಒಂದು ಕಿಲೋ ಹಂದಿಮಾಂಸಕ್ಕೆ ಒಂದೆರಡು ದೊಡ್ಡ ಚಮಚ, ಅದೂ ಕೊನೆಗೆ.

ಇದೇ ಹಣ್ಣಿನ ಹೈಡ್ರಾಕ್ಸಿಸಿಟ್ರಿಕ್ ಆಮ್ಲವನ್ನು ಬೇರ್ಪಡಿಸಿ ತೂಕ ಇಳಿಸುವ ಮಾತ್ರೆಯಾಗಿ ಜಗತ್ತಿಗೆಲ್ಲ ಮಾರಿದರು. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಒಂದು ಪರೀಕ್ಷೆಯಲ್ಲಿ 135 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 1,500 ಮಿಲಿಗ್ರಾಂನಂತೆ ಈ ಆಮ್ಲವನ್ನೂ ಇನ್ನೊಂದಕ್ಕೆ ಹುಸಿಮಾತ್ರೆಯನ್ನೂ 12 ವಾರ ಕೊಟ್ಟರು. ತೂಕ ಇಳಿದದ್ದರಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇಂಥ ಪೂರಕಗಳನ್ನು ತೆಗೆದುಕೊಂಡವರಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳು ಆಮೇಲೆ ವರದಿಯಾಗಿವೆ. ಕೊಡಗಿನಲ್ಲಿ ಯಾವ ಅಜ್ಜಿಯೂ ತೆಳ್ಳಗಾಗಲೆಂದು ಕಾಚಂಪುಳಿ ಕುಡಿಸಿದ್ದಿಲ್ಲ. ಅದನ್ನು ಹಾಕುತ್ತಿದ್ದದ್ದೇ ಕೊಬ್ಬಿರುವ ಪಂದಿಕರಿಗೆ!

ಇಲ್ಲಿಯವರೆಗಿನದು ಹೊಟ್ಟೆಯ ವಿಚಾರ. ಪರಿಸರದಲ್ಲಿ ಷರತ್ತು ಬಿಟ್ಟರೆ ಒಬ್ಬರ ಹೊಟ್ಟೆ ಕೆಡುವುದಲ್ಲ, ಊರೇ ಜರಿಯುತ್ತದೆ. ‘ಓಡುವ ನೀರನ್ನು ನಡೆಸಿ, ನಡೆಯುವ ನೀರನ್ನು ನಿಲ್ಲಿಸಿ, ನಿಂತ ನೀರನ್ನು ಇಂಗಿಸಿ’ ಎಂಬ ಮಾತು ಬಯಲುಸೀಮೆಗೆ ಅಮೃತ. ಅದೇ ಮಾತನ್ನು ಮಡಿಕೇರಿ ಸುತ್ತಲಿನ ಕಡಿದಾದ, ಆಳ ಮಣ್ಣಿನ ಇಳಿಜಾರಿಗೆ ತಂದು ಗುಡ್ಡದ ನೆತ್ತಿಯ ಮೇಲೆ ಸಾಲಾಗಿ ಇಂಗುಗುಂಡಿ ತೋಡಿದರೆ ಅಪಾಯವನ್ನು ಕರೆದು ಕೂರಿಸಿದಂತೆ. ಲೆಕ್ಕ ಹಾಕಿ ನೋಡಿ: ಒಂದು ಎಕರೆಯ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4 ಲಕ್ಷ ಲೀಟರ್, ಅಂದರೆ 400 ಟನ್ ನೀರು. ಅದು ಹರಿದು ಹೋಗದೆ ಮಣ್ಣಿನೊಳಗೆ ಕೂತರೆ ಮಣ್ಣಿನ ಭಾರ ಏರುತ್ತದೆ, ಕಣಗಳ ನಡುವಿನ ನೀರಿನ ಒತ್ತಡ ಏರುತ್ತದೆ, ಮಣ್ಣು ಬಂಡೆಯ ಮೇಲಿನ ಹಿಡಿತ ಬಿಡುತ್ತದೆ.

2018ರ ಆಗಸ್ಟ್ ನಡುವಿನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಆದದ್ದಕ್ಕೆ ವಿಪರೀತ ಮಳೆಯ ಜೊತೆಗೆ ರಸ್ತೆ, ಕಟ್ಟಡಗಳಿಗಾಗಿ ಇಳಿಜಾರನ್ನು ಕಡಿದದ್ದೂ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಹೇಳಿತು. ಬರೆಯ ಪಾದ ಕಡಿದು ಜೆಸಿಬಿಯಲ್ಲಿ ಮಟ್ಟ ಮಾಡಿ ಮನೆ ಕಟ್ಟುವುದು ಹಳೆಯ ಕ್ರಮವಲ್ಲ. ಹೆಚ್ಚಿನ ಐನ್‌ಮನೆಗಳು, ಅಂದರೆ ಕೊಡವ ಮನೆತನಗಳ ಮೂಲಮನೆಗಳು, ಗದ್ದೆ ಬಯಲನ್ನು ನೋಡಿಕೊಂಡು, ಸಹಜವಾಗಿಯೇ ಏರಿದ ನೆಲದಲ್ಲಿ ನಿಂತಿವೆ. ಕೊಲ್ಲಿಯ (ಗುಡ್ಡದ ಸಣ್ಣ ತೊರೆಯ) ನೀರು ತೋಡಿಗೆ, ತೋಡಿನ ನೀರು ಗದ್ದೆಗೆ, ಗದ್ದೆಯಿಂದ ಹೊಳೆಗೆ ಎಂಬ ದಾರಿ ಇಲ್ಲಿಯ ಜಲಶಾಸ್ತ್ರ. ಮೇಲೆ ನೀರು ಸಲೀಸಾಗಿ ಇಳಿಯಬೇಕು, ಕೆಳಗೆ ಬದುವಿನ ಗದ್ದೆಯಲ್ಲಿ ನಿಲ್ಲಬೇಕು. ಕೂಲಿಯಾಳಿಲ್ಲ, ಆನೆ ಬಿಡುವುದಿಲ್ಲ ಎಂದು ಗದ್ದೆ ಪಾಳು ಬಿದ್ದಾಗ ಬದು ಒಡೆಯುತ್ತದೆ, ತೋಡು ಹೂಳುತ್ತದೆ. ಅಲ್ಲಿಗೆ ಮಣ್ಣು ತುಂಬಿಸಿ ಸೈಟ್ ಮಾಡಿದರಂತೂ ನೀರಿಗೆ ನಿಲ್ಲಲು ಜಾಗವೇ ಇಲ್ಲ. ಭತ್ತದ ಲಾಭ ನಷ್ಟದ ಲೆಕ್ಕದಲ್ಲಿ ಈ ಸೇವೆಗೆ ಕಾಸಿಲ್ಲ. ಪಾಳು ಗದ್ದೆಯವರು ಬೆಳೆ ಇಡದಿದ್ದರೂ ಮೇ ತಿಂಗಳಲ್ಲಿ ಬದು ಕಟ್ಟಿ ತೋಡು ಎತ್ತಿದರೆ ಅರ್ಧ ಕೆಲಸ ಆದಂತೆ, ಅದಕ್ಕೆ ಪಂಚಾಯಿತಿಯಿಂದ ಕೂಲಿ ಕೊಡಿಸುವುದು ನ್ಯಾಯ.

ಹಾಗಾದರೆ ಕೊಡಗಿನಲ್ಲಿ ಗುಂಡಿ ತೋಡಲೇಬಾರದೇ? ಹಾಗಲ್ಲ. ಕಾಫಿ ಸಾಲುಗಳ ನಡುವೆ ಇಳಿಜಾರಿಗೆ ಅಡ್ಡಲಾಗಿ, ಒಂದರ ಕೆಳಗೆ ಒಂದು ನೇರ ಬಾರದಂತೆ ತೆಗೆಯುವ ತೊಟ್ಟಿಲು ಗುಂಡಿ ಹಳೆಯ ಪದ್ಧತಿ. ಅದರ ಕಾಲ ಮುಂಗಾರಿನ ಆರ್ಭಟ ತಗ್ಗಿದ ಮೇಲೆ, ಸೆಪ್ಟೆಂಬರ್ ಹೊತ್ತಿಗೆ. ಹಿಂಗಾರಿನ ನೀರು ಹಿಡಿಯಲು, ತರಗೆಲೆ ಕೊಳೆಸಲು ಅದು ಸರಿ. ಮನೆಯ ಮೇಲ್ಭಾಗದ ಬರೆಯಲ್ಲಿ, ಕಡಿದ ರಸ್ತೆಯ ನೆತ್ತಿಯಲ್ಲಿ, ಕಡಿದಾದ ಇಳಿಜಾರಿನಲ್ಲಿ ಬೇಡ. ಕುಶಾಲನಗರದ ಕಡೆಯ ಸಮತಟ್ಟು, ಕಡಿಮೆ ಮಳೆಯ ನೆಲದಲ್ಲಿ ಇಂಗುಗುಂಡಿ ಧಾರಾಳವಾಗಿ ಮಾಡಬಹುದು. ಒಂದೇ ಜಿಲ್ಲೆಯೊಳಗೇ ಸಲಹೆ ತಿರುಗುಮುರುಗಾಗುತ್ತದೆ.

ಬರೆ ಜರಿಯುವ ಮುಂಚಿನ ಸೂಚನೆಗಳನ್ನು ಹಳಬರೂ ಭೂವಿಜ್ಞಾನಿಗಳೂ ಹೆಚ್ಚುಕಡಿಮೆ ಒಂದೇ ಥರ ಹೇಳುತ್ತಾರೆ. ಎಂದೂ ಇಲ್ಲದ ಕಡೆ ಜಲ ಒಡೆಯುವುದು, ತಿಳಿಯಾಗಿದ್ದ ಜಲ ಕೆಸರಾಗುವುದು, ಮೇಲ್ಭಾಗದ ನೆಲದಲ್ಲಿ ಬಿಲ್ಲಿನಾಕಾರದ ಬಿರುಕು, ಮರ ಮತ್ತು ಕಂಬ ವಾಲುವುದು, ಸರಿಯಿದ್ದ ಬಾಗಿಲು ಹಠಾತ್ತನೆ ಕಚ್ಚಿಕೊಳ್ಳುವುದು. ಎಲ್ಲಕ್ಕಿಂತ ಮೋಸದ್ದು, ಮಳೆ ಹುಯ್ಯುತ್ತಲೇ ಇದ್ದರೂ ತೋಡಿನ ನೀರು ಇದ್ದಕ್ಕಿದ್ದಂತೆ ಇಳಿಯುವುದು. ಮೇಲೆ ಎಲ್ಲೋ ಮಣ್ಣು ಬಿದ್ದು ನೀರು ಕಟ್ಟಿಕೊಂಡಿದೆ ಎಂದರ್ಥ. ನೀರು ತಗ್ಗಿತೆಂದು ನೆಮ್ಮದಿಪಡುವ ಹೊತ್ತಲ್ಲ, ಮನೆ ಬಿಟ್ಟು ತೋಡಿನ ದಾರಿಯಿಂದ ದೂರ ಹೋಗುವ ಹೊತ್ತು. ಆ ಭಾಗದ ಪ್ರತಿ ಶಾಲೆಯ ಗೋಡೆಯ ಮೇಲೂ ಇದು ಬರೆದಿರಬೇಕು.

ದೇವರಕಾಡಿನ ಬಗ್ಗೆ ಎಲ್ಲರೂ ಹೆಮ್ಮೆಯಿಂದ ಹೇಳುವುದು ಸಂಖ್ಯೆ: ಕೊಡಗಿನಲ್ಲಿ 1,214 ದೇವರಕಾಡುಗಳು, ಒಟ್ಟು ಸುಮಾರು 2,550 ಹೆಕ್ಟೇರ್. ಭಾಗಿಸಿ ನೋಡಿದರೆ ಒಂದಕ್ಕೆ ಸರಾಸರಿ ಎರಡು ಹೆಕ್ಟೇರ್ ಚಿಲ್ಲರೆ. ಇಷ್ಟು ಚಿಕ್ಕ ಕಾಡಿನ ಅಂಚಿನಿಂದ ಬಿಸಿಲು, ಗಾಳಿ, ಕಳೆ ಒಳನುಗ್ಗುವುದು ಬೇಗ. ಒಣಮರವನ್ನೂ ಎತ್ತಬಾರದು ಎಂಬ ಕಟ್ಟು ಇದ್ದದ್ದು ಅದಕ್ಕೇ ಹೊಂದುವಂತಿದೆ. ಬಿದ್ದ ಮರ, ತರಗೆಲೆ ಕಾಡಿನ ತೇವ ಕಾಯುತ್ತವೆ. ಈಗ ‘ಅಭಿವೃದ್ಧಿ’ ಎಂದು ಗುಡಿಯ ಸುತ್ತ ಇಂಟರ್‌ಲಾಕ್ ಹಾಸಿ, ಒಳಗೆಲ್ಲ ಗುಡಿಸಿ ಸ್ವಚ್ಛ ಮಾಡುತ್ತಾರೆ. ದೇವರು ಉಳಿಯುತ್ತಾನೆ, ಕಾಡು ಹೋಗುತ್ತದೆ.

ಕಾಡನ್ನು ಮುಟ್ಟದೆ ಅದರಿಂದ ಪಡೆಯಬಹುದಾದದ್ದು ಬೀಜ. ದೇವಸ್ಥಾನದ ತಕ್ಕರ (ಮುಖ್ಯಸ್ಥರ) ಮತ್ತು ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು, ಬಿದ್ದದ್ದರಲ್ಲಿ ಒಂದು ಪಾಲು ಮಾತ್ರ ಹೆಕ್ಕಿ ಶಾಲೆಯಲ್ಲಿ ನರ್ಸರಿ ಮಾಡಬಹುದು. ಧೂಪದ ಮರದ ಬೀಜ ಒಣಗಿದರೆ ಸತ್ತಂತೆ. ಬಿಸಿಲಿಗೆ ಹಾಕಿ ಡಬ್ಬಿಯಲ್ಲಿ ಕಾಪಿಡುವ ಸಾಮಾನ್ಯ ಬುದ್ಧಿ ಇಲ್ಲಿ ಕೆಲಸ ಕೆಡಿಸುತ್ತದೆ, ತಂದ ವಾರದೊಳಗೆ ನೆಲ ಕಾಣಿಸಬೇಕು. ಪಣಂಪುಳಿ ಇದಕ್ಕೆ ವಿರುದ್ಧ, ಮೊಳೆಯಲು ಐದಾರು ತಿಂಗಳು ಸತಾಯಿಸುತ್ತದೆ. ಹೊರಗಿನ ಸಿಪ್ಪೆಯನ್ನು ಬೀಜಕ್ಕೆ ಗಾಯವಾಗದಂತೆ ಬಿಡಿಸಿದರೆ ಬೇಗ ಮೊಳೆಯುತ್ತದೆ. ಬೀಜದ ಗಿಡಗಳಲ್ಲಿ ಅರ್ಧಕ್ಕರ್ಧ ಗಂಡೇ ಬರುವುದರಿಂದ, ಹಣ್ಣು ಬೇಕೆನ್ನುವವರು ಕಸಿಗಿಡ ಹಾಕುವುದು ಲೇಸು. ಇವೆರಡೂ ಕಾಫಿ ತೋಟದ ನೆರಳಿಗೆ ಸಿಲ್ವರ್ ಓಕ್‌ಗಿಂತ ಎಷ್ಟೋ ಮೇಲು. ತೋಟದವರು ಸಿಲ್ವರ್ ಓಕ್ ಹಾಕುವುದು ಅಜ್ಞಾನದಿಂದಲ್ಲ. ಅದನ್ನು ಕಡಿದು ಮಾರುವುದು ಸಲೀಸು, ಕಾಡುಮರಕ್ಕೆ ಕಚೇರಿ ಅಲೆಯಬೇಕು. ಆ ಕಾಗದಪತ್ರ ಸರಿಯಾಗದೆ ಬರೀ ಪರಂಪರೆಯ ಭಾಷಣದಿಂದ ಮರ ಉಳಿಯದು.

ಶಾಲೆಯ ವಿಚಾರಕ್ಕೆ ಬಂದರೆ, ಕೊಡಗಿನಲ್ಲಿ ತಯಾರಾಗಿಯೇ ಇರುವ ಪಠ್ಯವೊಂದಿದೆ: ಮಳೆ. ತೋಟದ ಮನೆಗಳಲ್ಲಿ ಮಳೆಯನ್ನು ಇಂಚು, ಸೆಂಟ್ ಲೆಕ್ಕದಲ್ಲಿ ಡೈರಿಯಲ್ಲಿ ಬರೆದಿಡುವ ಅಭ್ಯಾಸ ಹಳೆಯದು. ಇಂಚಿಗೆ 25.4 ಮಿಲಿಮೀಟರ್, ಸೆಂಟ್ ಅದರ ನೂರನೇ ಒಂದು ಪಾಲು. ಇನ್ನೊಂದು ಕಡೆ ಮಳೆ ನಕ್ಷತ್ರಗಳು. ಪುನರ್ವಸು ಜುಲೈ 6ರ ಸುಮಾರಿಗೆ, ಪುಷ್ಯ ಜುಲೈ 20, ಆಶ್ಲೇಷಾ ಆಗಸ್ಟ್ 3, ಮಘಾ ಆಗಸ್ಟ್ 17. ಅಂದರೆ ಕಕ್ಕಡ ಹದಿನೆಂಟು ಮತ್ತು ಆಶ್ಲೇಷಾ ಮಳೆಯ ಆರಂಭ ಹೆಚ್ಚುಕಡಿಮೆ ಒಂದೇ ದಿನ. ಎರಡೂ ಒಂದೇ ಸೌರ ಲೆಕ್ಕದ ಕೂಸುಗಳು. ಸೂರ್ಯ 27 ನಕ್ಷತ್ರ ಸುತ್ತಲು ಒಂದು ವರ್ಷ, ಒಂದೊಂದಕ್ಕೆ 13 ಅಥವಾ 14 ದಿನ. ಆದರೆ ಈ ಲೆಕ್ಕ ಋತುಗಳ ಎದುರು ಸುಮಾರು 70 ವರ್ಷಕ್ಕೆ ಒಂದು ದಿನ ಜಾರುತ್ತದೆ. ಐನೂರು ವರ್ಷದ ಹಿಂದೆ ಹುಟ್ಟಿದ ಮಳೆಗಾದೆ ಈಗ ಒಂದು ವಾರ ತಡವಾಗಿ ಮಾತಾಡುತ್ತಿದೆ ಎಂದಾಯಿತು. ಗಾದೆಯನ್ನು ಕಂಠಪಾಠ ಮಾಡಿಸುವ ಬದಲು, ಊರಿನ ಹಳೆಯ ಡೈರಿಗಳಿಂದ ನಕ್ಷತ್ರವಾರು ಮೊತ್ತ ಕೂಡಿಸಿ ಗಾದೆ ನಿಲ್ಲುತ್ತದೋ ಇಲ್ಲವೋ ಎಂದು ಏಳನೇ ತರಗತಿಯವರು ನೋಡಬಹುದು.

ಮಳೆಮಾಪಕಕ್ಕೆ ದುಡ್ಡು ಬೇಡ. ನೇರ ಬದಿಯ ಎರಡು ಲೀಟರಿನ ಬಾಟಲಿಯ ಕೊರಳು ಕತ್ತರಿಸಿ ತಲೆಕೆಳಗಾಗಿ ಅದರೊಳಗೇ ಕೂರಿಸಿ. ತಳ ಸಮವಿರುವುದಿಲ್ಲವಾದ್ದರಿಂದ ಸಣ್ಣ ಕಲ್ಲು ಹಾಕಿ ನೇರ ಭಾಗ ಶುರುವಾಗುವವರೆಗೆ ನೀರು ತುಂಬಿ, ಅಲ್ಲಿ ಸೊನ್ನೆ ಗುರುತು ಮಾಡಿ, ಮೇಲಕ್ಕೆ ಸ್ಕೇಲ್ ಅಂಟಿಸಿ. ಬಾಯಿ ನೆಲದಿಂದ ಒಂದು ಅಡಿ ಎತ್ತರದಲ್ಲಿರಲಿ, ಇಲ್ಲದಿದ್ದರೆ ಸಿಡಿದ ಹನಿಗಳೂ ಲೆಕ್ಕಕ್ಕೆ ಸೇರುತ್ತವೆ. ಮರ, ಕಟ್ಟಡದಿಂದ ಅವುಗಳ ಎತ್ತರದ ಎರಡು ಪಟ್ಟು ದೂರವಿಡಿ. ಹವಾಮಾನ ಇಲಾಖೆಯಂತೆ ಬೆಳಗ್ಗೆ 8:30ಕ್ಕೆ ಓದಿ, ಸೊನ್ನೆಗೆ ತಂದಿಡಿ. ಭಾಗಮಂಡಲದಂಥ ಕಡೆ ಕಕ್ಕಡದಲ್ಲಿ ಈ ಬಾಟಲಿ ಒಂದೇ ದಿನಕ್ಕೆ ತುಂಬಿ ಹೊರಚೆಲ್ಲಬಹುದು, ಸಂಜೆಯೂ ಒಮ್ಮೆ ಓದಿ ಕೂಡಿಸಬೇಕು. ಅದಕ್ಕಿಂತ ದೊಡ್ಡ ತೊಡಕೆಂದರೆ ಜೋರು ಮಳೆಯ ದಿನವೇ ಜಿಲ್ಲಾಡಳಿತ ಶಾಲೆಗೆ ರಜೆ ಕೊಡುತ್ತದೆ! ಬೇಕಾದ ದಿನಗಳದ್ದೇ ಅಂಕಿ ಕಾಣೆಯಾಗುತ್ತದೆ. ಮಾಪಕವನ್ನು ಶಾಲೆಯ ಪಕ್ಕದ ಮನೆಯವರಿಗೋ ಬಿಸಿಯೂಟದ ಅಕ್ಕನಿಗೋ ವಹಿಸುವುದು ಇದಕ್ಕಿರುವ ದಾರಿ.

ಇನ್ನು ದಾಖಲೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಬರೆದಿಡಬೇಕು. ಗಡುವಿಗೆ ತುಂಬಿಸಿದ ದಾಖಲಾತಿಯಲ್ಲಿ ‘ಮದ್ದುಸೊಪ್ಪು, ಔಷಧೀಯ’ ಎಂಬಷ್ಟೇ ಇರುವ ಸಾಲಿನಿಂದ ಯಾರಿಗೂ ಏನೂ ಸಿಗದು. ಮಕ್ಕಳ ಕೈಗೆ ಕೊಡುವ ಪುಸ್ತಕದಲ್ಲಾದರೂ ಕನ್ನಡ, ಕೊಡವ ತಕ್ಕ್, ಅರೆಭಾಷೆ, ಯರವ, ಕುರುಬ ನುಡಿಗಳ ಹೆಸರು, ಬಳಸುವ ಭಾಗ, ತಿಂಗಳು, ಪ್ರಮಾಣ, ಸಿದ್ಧಪಡಿಸುವ ಕ್ರಮ, ಯಾರಿಗೆ ಬೇಡ, ಯಾವ ಗಿಡದೊಂದಿಗೆ ಗೊಂದಲವಾಗುತ್ತದೆ, ತಪ್ಪಿದರೆ ಏನಾಗುತ್ತದೆ ಎಂಬ ಕಾಲಂಗಳಿರಲಿ. ಕೊನೆಯ ಮೂರು ಖಾಲಿ ಬಂದರೆ ಆ ಪುಟ ಇನ್ನೂ ಮುಗಿದಿಲ್ಲ ಎಂದು ಮರಳಿಸಬೇಕು. ಜೇನುಕುರುಬರ ಮಗುವಿಗೆ ಹೆಜ್ಜೇನು, ತುಡುವೆ, ಕೋಲುಜೇನು, ಮಿಸ್ರಿ ಬೇರೆಬೇರೆಯೆಂದು ಗೊತ್ತು. ಪಠ್ಯದ ‘ಜೇನುನೊಣ’ ಎಂಬ ಒಂದೇ ಪದದ ಮುಂದೆ ಆ ಮಗು ದಡ್ಡನಾಗಬೇಕಾಗಿಲ್ಲ. ಈ ಪುಸ್ತಕದಲ್ಲಿ ಅದೇ ಮಗು ಉಳಿದವರಿಗೆ ಹೇಳಿಕೊಡಲಿ.

ಬರೆದಿಡುವುದರ ಬೆಲೆ ಅರಿಸಿನದ ಮೊಕದ್ದಮೆಯಲ್ಲಿ ಕಂಡಿದೆ. ಗಾಯಕ್ಕೆ ಅರಿಸಿನ ಎಂಬುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತ್ತು. ನಮ್ಮ ದೇಶದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ (ಸಿಎಸ್‌ಐಆರ್) ಹಳೆಯ ಗ್ರಂಥ, ಪತ್ರಿಕೆಗಳಿಂದ 32 ಉಲ್ಲೇಖ ಒದಗಿಸಿದ ಮೇಲೆ 1997ರಲ್ಲಿ ಅದು ರದ್ದಾಯಿತು. ಆದರೆ ಎಲ್ಲವನ್ನೂ ಬರೆದು ಫೇಸ್‌ಬುಕ್ಕಿಗೆ ಹಾಕುವುದು ಬೇರೆಯದೇ ಸಂಗತಿ. ಕಣಿಲೆ ನೆನೆಹಾಕುವ ಕ್ರಮ ಎಲ್ಲರಿಗೂ ತಿಳಿಯಲಿ, ಅದರಿಂದ ಜೀವ ಉಳಿಯುತ್ತದೆ. ಹಾಡಿಯ (ಬುಡಕಟ್ಟು ಜನರ ವಸತಿಯ) ನಾಟಿವೈದ್ಯರೊಬ್ಬರು ತಮ್ಮ ಮನೆತನದಲ್ಲಿ ಇಟ್ಟುಕೊಂಡ ಮದ್ದು ಹಾಗಲ್ಲ. ಶಾಲೆಯಲ್ಲಿ ಎರಡು ಪುಸ್ತಕ ಇರಲಿ. ಅಡುಗೆ, ಮಳೆ, ಬೀಜ, ಬರೆಯ ಸೂಚನೆಗಳದ್ದು ತೆರೆದ ಪುಸ್ತಕ. ಮನೆತನದ ಮದ್ದಿನದ್ದು ಬೇರೆ. ಹೇಳಿದವರು ಓದಿಸಿ ಕೇಳಿ ಒಪ್ಪಿ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿದ ಮೇಲೆ ಅದು ಪಂಚಾಯಿತಿ ಸಮಿತಿಯ ಬೀರುವಿನಲ್ಲಿರಬೇಕು, ಯಾರು ಯಾವಾಗ ತೆರೆದರೆಂಬ ನಮೂದು ಅದರ ಮೊದಲ ಪುಟದಲ್ಲೇ ಇರಬೇಕು. ಒಪ್ಪದವರ ಮದ್ದನ್ನು ಬರೆಯದೆ ಬಿಡಬೇಕು.